ಕೀಪರನ ತಾಯಿ ಕೂತ ಕುರ್ಚಿ

ಗುರುವಾಯನಕೆರೆಯಲ್ಲಿ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತ ಶೇಖರನ ಹೋಟೆಲಿಗೆ ಹೋದರೆ ಕೂರಲು ಜಾಗವಿಲ್ಲ. ಎಲ್ಲರ ಕಣ್ಣೂ ಟಿವಿಯ ಮೇಲೆ. ಇದೇ ಊರಿನ ಹಮೀದ್ ರಾಜ್ಯ ತಂಡದ ವಿಕೆಟ್ ಕೀಪರ್ ಆಗಿ ಮೊದಲ ಸಲ ಆಡುತ್ತಿದ್ದ. ಗದ್ದೆಯ ಅಂಡರ್‌ಆರ್ಮ್ ಪಂದ್ಯಗಳಿಂದ ಮಂಗಳೂರಿನ ಕ್ಲಬ್ಬಿಗೆ, ಅಲ್ಲಿಂದ ಇಲ್ಲಿಯವರೆಗೆ ಬಂದವನು.

ಟಿವಿಯ ಎದುರಿನ ಕುರ್ಚಿ ಅವನ ತಾಯಿ ಐಸಮ್ಮನದು. ಮಗ ಆಡುವುದನ್ನು ಅವರು ಗದ್ದೆಯಲ್ಲಿ ಮಾತ್ರ ನೋಡಿದ್ದಾರೆ. ಅಲ್ಲಿ ಚೆಂಡನ್ನು ಸೊಂಟದ ಕೆಳಗಿನಿಂದ ಎಸೆಯುತ್ತಾರೆ, ಕೀಪರ್ ವಿಕೆಟ್ಟಿಗೆ ಅಂಟಿಕೊಂಡೇ ಕುಕ್ಕರಿಸುತ್ತಾನೆ. ಟಿವಿಯಲ್ಲಿ ವೇಗದ ಬೌಲರ್ ಓಡಿ ಬರುತ್ತಿದ್ದ. ಹಮೀದ್ ಎಲ್ಲೋ ಹಿಂದೆ ನಿಂತಿದ್ದ.

"ಅವನನ್ನು ಯಾಕೆ ಅಷ್ಟು ದೂರ ನಿಲ್ಲಿಸಿದ್ದಾರೆ ಶೇಖರ? ಎಂಥ ತಪ್ಪು ಮಾಡಿದ?"

"ತಪ್ಪೆಲ್ಲ ಎಂಥದ್ದೂ ಇಲ್ಲ ಐಸಮ್ಮ. ಬಾಲು ಜೋರುಂಟಲ್ಲ, ಹಾಗೆ."

"ಹೊಸಬ ಅಂತ ಹಿಂದೆ ಹಾಕಿದ್ದಾರೆ. ನನಗೆ ಗೊತ್ತಾಗ್ತದೆ."

ಶೇಖರ ಇಟ್ಟ ಚಹಾವನ್ನು ಅವರು ಮುಟ್ಟಲಿಲ್ಲ. ನನ್ನ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ಈ ವಿಷಯ ಇತ್ಯರ್ಥವಾಗದೆ ಹೊರಡುವುದು ಹೇಗೆ?

ಓವರ್ ಮುಗಿದು ಚೆಂಡು ನಿಧಾನವಾಗಿ ಎಸೆಯುವ ಸ್ಪಿನ್ನರನ ಕೈಗೆ ಹೋಯಿತು. ಹಮೀದ್ ಗ್ಲೌಸ್ ಸರಿಮಾಡಿಕೊಳ್ಳುತ್ತ ನಡೆದು ಬಂದು ವಿಕೆಟ್ಟಿನ ಬೆನ್ನಿಗೇ ಕುಕ್ಕರಿಸಿದ.

"ಈಗ ಕರೆದ್ರು ನೋಡು," ಎಂದರು ಐಸಮ್ಮ.

ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಕುರ್ಚಿಯನ್ನು ಎಳೆದುಕೊಂಡು ಹೋಗಿ ಟಿವಿಯ ಬುಡದಲ್ಲೇ ಕೂತರು. ಹಿಂದಿದ್ದ ನಮ್ಮ ಪಾಲಿಗೆ ಅರ್ಧ ಮೈದಾನ ಮಾತ್ರ ಉಳಿಯಿತು. ಬದಿಗೆ ಸರಿಯಿರಿ ಎಂದು ಯಾರೂ ಹೇಳಲಿಲ್ಲ.