ಹುಲಿ ನೋಡಲು ಹೋದ ಸೀರೆ

ನಿನ್ನೆ ಮಾಳಿಗೆಯ ಮೇಲೆ, ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿಯನ್ನು ಬಿಸಿಲಿಗೆ ಹರವಿದೆ. ನಮ್ಮ ಬೆಟಗೇರಿಯ ಬಿಸಿಲು ಎಂಥ ಬಟ್ಟೆಯಿಂದಲೂ ಹಳೆಯ ವಾಸನೆಯನ್ನು ಎಳೆದು ತೆಗೆಯುತ್ತದೆ. ಈ ಕೌದಿಯ ನಡುವೆ ಇಳಕಲ್ ರೇಷ್ಮೆಯ ತುಂಡೊಂದಿದೆ, ಕೆಂಪು ಸೆರಗಿನದು. ಅದರ ಒಂದು ಅಂಚು ಕತ್ತರಿಯಿಂದ ಕತ್ತರಿಸಿದ್ದಲ್ಲ, ಎಮ್ಮೆ ಅಗಿದದ್ದು. ಮೂಗಿನ ಹತ್ತಿರ ಒಯ್ದರೆ ಇಂದಿಗೂ ಎಮ್ಮೆಗೆ ಹಾಕುವ ಹಿಂಡಿಯ ವಾಸನೆ ಬರುತ್ತದೆ, ನೀವು ನಂಬಿದರೆ ನಂಬಿ. ನನ್ನ ಹೆಂಡತಿ ಅಂಥದ್ದೇನೂ ಇಲ್ಲ ಎನ್ನುತ್ತಾಳೆ. ಆಕೆ ಆ ದಿನ ನಮ್ಮ ಜೊತೆ ಇರಲಿಲ್ಲ, ಬಿಡಿ.

ಕೌದಿ ಹೊಲಿದವಳು ಶಿಗ್ಲಿಯ ಚಿಗವ್ವ, ನನ್ನ ತಾಯಿಯ ತಂಗಿ. ಲಗ್ನಕ್ಕೆ ಬಂದರೆ ಅಕ್ಕಿಕಾಳು ಬೀಳುತ್ತಲೇ ಚಪ್ಪಲಿ ಹುಡುಕುವವಳು. ಹೊಸ ಮನೆಯ ಪೂಜೆಗೆ ಕರೆದರೆ ಪಡಸಾಲೆಯಷ್ಟನ್ನೇ ನೋಡಿ, ಮನೆ ಭಾಳ ಚಂದ ಎಂದು ಹೊರಟುಬಿಡುವವಳು. ಇದಕ್ಕೆಲ್ಲ ಕಾರಣ ಚಂದ್ರಿ ಎಂಬ ಆಕೆಯ ಎಮ್ಮೆ. ಚಿಗವ್ವನ ಹೊರತು ಇನ್ನೊಬ್ಬರಿಗೆ ಅದು ಹಾಲು ಇಳಿಸುತ್ತಿರಲಿಲ್ಲ. ಪಕ್ಕದ ಮನೆಯಾಕೆ ಒಮ್ಮೆ ಹಿಂಡಲು ಹೋಗಿ ಬಕೆಟ್ಟಿನ ಸಮೇತ ಗೋದಲಿಯೊಳಗೆ ಕುಳಿತಿದ್ದಳು. ಹಿಂಡದೆ ಬಿಟ್ಟರೆ ಕೆಚ್ಚಲು ಕಲ್ಲಾಗಿ ಬಾವು ಬರುತ್ತದೆ. ಒಮ್ಮೆ ಹಾಗೆಯೇ ಆಗಿ ಚಂದ್ರಿ ಸತ್ತು ಬದುಕಿತ್ತು. ಅಂದಿನಿಂದ ಹೊತ್ತು ಮುಳುಗುವುದರೊಳಗೆ ಚಿಗವ್ವ ಮನೆ ಸೇರಲೇಬೇಕು. ಕಟ್ಟಿಹಾಕಿದ್ದು ಎಮ್ಮೆಯನ್ನೋ ನನ್ನ ತಂಗಿಯನ್ನೋ ಎಂದು ನಮ್ಮವ್ವ ಕೇಳುತ್ತಿದ್ದಳು.

ಹೀಗಿರುವಾಗ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಓಣಿಯ ಹೆಂಗಸರೆಲ್ಲ ಊರೂರು ತಿರುಗಿ ಬಂದು ಕಟ್ಟೆಯ ಮೇಲೆ ವರದಿ ಒಪ್ಪಿಸತೊಡಗಿದರು. ಗದಗಿನ ಝೂದಲ್ಲಿ ಹುಲಿ ಕಂಡವರು ಆ ಕಟ್ಟೆಯ ಮೇಲೆಯೇ ಐದಾರು ಮಂದಿ. ಚಿಗವ್ವನಿಗೆ ತಡೆಯಲಾಗಲಿಲ್ಲ. "ಸಾಯೂದ್ರೊಳಗ ಒಂದು ಹುಲಿ ನೋಡಬೇಕಪಾ" ಎಂದು ನನಗೆ ಫೋನು ಮಾಡಿದಳು.

ಸಂಜೆ ತಡವಾದರೆ ಎಂದು ಒಂದು ಉಪಾಯವನ್ನೂ ಮಾಡಿದಳು. ಎಮ್ಮೆ ಮೋರೆಗಿಂತ ವಾಸನೆಯನ್ನು ನಂಬುವ ಪ್ರಾಣಿ. ಮನೆಯ ಹೆಂಗಸು ಊರಲ್ಲಿಲ್ಲದಾಗ ಗಂಡಸರು ಆಕೆಯ ದಿನಬಳಕೆಯ ಸೀರೆ ಸುತ್ತಿಕೊಂಡು ಹಿಂಡುವುದು ನಮ್ಮ ಕಡೆ ಇದ್ದದ್ದೇ, ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೆ. ಆದರೆ ಚಿಗವ್ವನ ಗಂಡ, ನಮ್ಮ ಕಾಕಾ, ಶೇಂಗಾ ವ್ಯಾಪಾರಿ, ಇಸ್ತ್ರಿ ಮಾಡಿದ ಧೋತರ, ಮೇಲೆ ಬಿಳಿ ಟೋಪಿ, ಮಾತಿಗಿಂತ ಮೀಸೆ ಹೆಚ್ಚು. ಅವರನ್ನು ಒಪ್ಪಿಸಲು ಚಿಗವ್ವನಿಗೆ ಒಂದು ವಾರ ಹಿಡಿಯಿತು. ಕೊಟ್ಟಿಗೆಯ ಬಾಗಿಲು ಹಾಕಿರಬೇಕು ಎಂಬ ಷರತ್ತಿನ ಮೇಲೆ ಅವರು ಹೂಂ ಎಂದರು. ಚಿಗವ್ವ ತಾನು ದಿನಾ ಎಮ್ಮೆ ಹಿಂಡುವಾಗ ಉಡುವ ಒಗೆಯದ ಸೀರೆಯನ್ನು ಅವರಿಗಾಗಿ ಗೂಟಕ್ಕೆ ತೂಗುಹಾಕಿದಳು.

ಗದಗಿನ ಬಸ್ ಸ್ಟ್ಯಾಂಡಿಗೆ ಆಕೆ ಮಾಸಲು ಬಟ್ಟೆಯ ದೊಡ್ಡ ಬುತ್ತಿಗಂಟು ಹಿಡಿದು ಇಳಿದಳು. ಝೂದಲ್ಲಿ ಹುಲಿ ನಮಗೆ ಬೆನ್ನು ಮಾಡಿ ಮಲಗಿತ್ತು. ಜನ ಸಿಳ್ಳೆ ಹಾಕಿದರೂ ಕಿವಿ ಅಲುಗಿಸಲಿಲ್ಲ. ಚಿಗವ್ವ ಸಿಬ್ಬಂದಿಯೊಬ್ಬನನ್ನು ನಿಲ್ಲಿಸಿ ಸೆಗಣಿ ಯಾರು ಬಳಿಯುತ್ತಾರೆ, ನೀರು ಎಷ್ಟು ಸಲ ಕುಡಿಯುತ್ತದೆ ಎಂದೆಲ್ಲ ವಿಚಾರಿಸಿಕೊಂಡಳು. ನೀನು ರಜೆ ಹಾಕಿದ ದಿನ ಉಪವಾಸ ಇರುತ್ತದೋ ಎಂದೂ ಕೇಳಿದಳು. ಯಾರು ಹಾಕಿದರೂ ತಿನ್ನುತ್ತದೆ ಎಂದು ಅವನು ಹೇಳಿದ್ದೇ ತಡ, ಹುಲಿಯ ಮೇಲಿನ ಗೌರವವೆಲ್ಲ ಇಳಿದುಹೋಯಿತು.

"ಇಷ್ಟು ದೊಡ್ಡ ಹುಲಿ ಆಗಿ ಯಾರ ಕೈಯಾಂದರ ತಿಂತೈತಂತ" ಎಂದಳು ನನ್ನ ಕಡೆ ತಿರುಗಿ. "ನಮ್ಮ ಚಂದ್ರಿ ಹಂಗಲ್ಲ ನೋಡು."

ಆಮೇಲೆ ಗಿಡದ ನೆರಳಿಗೆ ಕುಳಿತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಅದರ ಜೊತೆಗೆ ಭರ್ಜರಿ ಕೊಟ್ಟಿಗೆಯ ವಾಸನೆ. ಆಚೆ ಪಂಜರದ ಜಿಂಕೆಗಳದಿರಬೇಕು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಚಿಗವ್ವ ಗಂಟಿನ ಬಟ್ಟೆಯನ್ನು ಬಿಡಿಸಿ ನೋಡಿ ತುತ್ತು ಕೈಯಲ್ಲೇ ಹಿಡಿದು ಕುಳಿತಳು. ಬೆಳಗ್ಗೆ ಕರೆಂಟು ಇರಲಿಲ್ಲವಂತೆ. ಕತ್ತಲಲ್ಲಿ ಗೂಟಕ್ಕೆ ಕೈಹಾಕಿ, ಸಿಕ್ಕ ಬಟ್ಟೆಯಲ್ಲಿ ಬುತ್ತಿ ಕಟ್ಟಿದ್ದಳು. ಕಾಕಾನಿಗಾಗಿ ಇಟ್ಟ ಸೀರೆ ನಮ್ಮ ಜೊತೆ ಹುಲಿ ನೋಡಲು ಬಂದಿತ್ತು.

ಬೇರೆ ಸೀರೆ ಉಟ್ಟರಾಗದೇ ಎಂದೆ. ಉಳಿದವೆಲ್ಲ ಒಗೆದದ್ದು, ಸಾಬೂನಿನ ವಾಸನೆಗೆ ಚಂದ್ರಿ ಒದೆಯುತ್ತದೆ ಎಂದಳು. ಕಾಕಾನಿಗೆ ಫೋನು ಹಚ್ಚಿ ಸುದ್ದಿ ಮುಟ್ಟಿಸಿದೆ. ನೋಡೋಣ ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ಎಷ್ಟು ಹಚ್ಚಿದರೂ ಎತ್ತಲಿಲ್ಲ. ಹೊತ್ತು ಮುಳುಗುವ ಮುಂಚೆ ಶಿಗ್ಲಿ ಸೇರುವುದೊಂದೇ ಈಗ ದಾರಿ. ಮೊಸಳೆ, ನವಿಲು ಎಲ್ಲವನ್ನೂ ಬಿಟ್ಟು ಓಡಿದೆವು.

ಬಸ್ ಸ್ಟ್ಯಾಂಡಿನಲ್ಲಿ ಜಾತ್ರೆಯಷ್ಟು ಮಂದಿ. ಬಸ್ಸೊಂದು ಒಳಗೆ ತಿರುಗುತ್ತಿದ್ದಂತೆಯೇ ಚಿಗವ್ವ ಅದರ ಜೊತೆ ಓಡಿ, ಗಂಟನ್ನು ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿದಳು. ಆ ವಾಸನೆಗೆ ಪಕ್ಕದ ಸೀಟೂ ತಾನಾಗಿಯೇ ಖಾಲಿ ಉಳಿಯಿತು. ಗೆದ್ದ ಸಂತೋಷದಲ್ಲಿ ಇಬ್ಬರೂ ಕುಳಿತೆವು. ಊರು ದಾಟಿ ಎಷ್ಟೋ ಹೊತ್ತಾದ ಮೇಲೆ ಕಪ್ಪತಗುಡ್ಡ ಬಲಗಡೆ ಕಾಣಿಸಿತು. ನಮ್ಮ ದಾರಿಗೆ ಗುಡ್ಡ ಎಡಗಡೆ ಇರಬೇಕಲ್ಲ ಎಂದು ನಾನು ಭೂಗೋಳ ಯೋಚಿಸುತ್ತಿರುವಾಗ, ಕಂಡಕ್ಟರ್ ನಮ್ಮ ತನಕ ಮಂದಿಯೊಳಗೆ ಈಜಿ ಬಂದ. ಶಿಗ್ಲಿಗೆ ಲಕ್ಷ್ಮೇಶ್ವರ ದಾಟಿಯೇ ಹೋಗಬೇಕು, ಹಾಗಾಗಿ ಲಕ್ಷ್ಮೇಶ್ವರ ಎಂದೆ.

"ಇದು ಮುಂಡರಗಿ ಗಾಡಿರೀ ಯಜಮಾನ್ರ" ಎಂದ ಆತ. "ಬೋರ್ಡ್ ನೋಡ್ಲಿಲ್ಲೇನ್ರಿ?"

ಬೋರ್ಡು ನೋಡುತ್ತ ನಿಂತವನಿಗೆ ಯಾವ ಬಸ್ಸಿನಲ್ಲಿ ಸೀಟು ಸಿಕ್ಕೀತು, ನೀವೇ ಹೇಳಿ. ನಡುದಾರಿಯಲ್ಲಿ ಇಳಿದರೆ ಅಲ್ಲಿಯೇ ಉಳಿಯುತ್ತೀರಿ, ಮುಂಡರಗಿಯಿಂದ ಶಿರಹಟ್ಟಿಗೆ ಬಸ್ಸಿದೆ ಎಂದು ಆತನೇ ಬುದ್ಧಿ ಹೇಳಿದ. ಮುಂಡರಗಿಯಿಂದ ಶಿರಹಟ್ಟಿಯವರೆಗೆ ಒಂಟಿಗಾಲಲ್ಲಿ ನಿಂತೆವು. ಅಲ್ಲಿ ಇಳಿಯುವಾಗ ಹೊತ್ತು ಮುಳುಗಿತ್ತು. ಚಿಗವ್ವ ಗಂಟನ್ನು ಎದೆಗೆ ಅವಚಿಕೊಂಡು ಪಡುವಣ ನೋಡಿದಳು. ಕಣ್ಣಲ್ಲಿ ನೀರಿತ್ತು. "ಒಂದು ಹುಲಿ ಆಸೆಕ್ಕ ಎಮ್ಮಿ ಕಳಕೊಂಡೆ ನೋಡಪಾ" ಎಂದಳು. ಚಂದ್ರಿಗೆ ಏನಾದರೂ ಆದರೆ ಈಕೆ ಇನ್ನೆಂದೂ ಹೊಸ್ತಿಲು ದಾಟುವವಳಲ್ಲ.

ಕೊನೆಗೆ ಶಿಗ್ಲಿಯ ಕಡೆಗೆ ಖಾಲಿ ಹೊರಟಿದ್ದ ಕುರಿ ಸಾಗಿಸುವ ಗಾಡಿಯವನು ಹತ್ತಿಸಿಕೊಂಡ. ಸುತ್ತಲೂ ಕಬ್ಬಿಣದ ಜಾಲರಿ. ಲಕ್ಷ್ಮೇಶ್ವರದಲ್ಲಿ ಅವನು ಚಹಾ ಕುಡಿಯಲು ನಿಲ್ಲಿಸಿದಾಗ ಮಂದಿ ಸುತ್ತುವರಿದು ಜಾಲರಿಯೊಳಗಿನ ನಮ್ಮನ್ನು ನೋಡಿದರು. ಒಬ್ಬ ಸಿಳ್ಳೆಯನ್ನೂ ಹಾಕಿದ. ಹುಲಿ ಯಾಕೆ ಬೆನ್ನು ಮಾಡಿ ಮಲಗಿತ್ತು ಎಂಬುದು ಆಗ ನನಗೆ ತಿಳಿಯಿತು.

ಮನೆ ಮುಟ್ಟಿದ ಮೇಲೆ ಚಿಗವ್ವ ಚಪ್ಪಲಿಯನ್ನೂ ಬಿಡದೆ ಕೊಟ್ಟಿಗೆಯ ಬಾಗಿಲು ನೂಕಿದಳು. ಬಲ್ಬಿನ ಬೆಳಕಿನಲ್ಲಿ ಕಾಕಾ ಕುಕ್ಕರಗಾಲಲ್ಲಿ ಕುಳಿತಿದ್ದರು. ಮೈತುಂಬ ಚಿಗವ್ವನ ಮದುವೆಯ ಇಳಕಲ್ ರೇಷ್ಮೆ, ತಲೆಯ ಮೇಲೆ ಸೆರಗು, ಸೆರಗಿನ ಕೆಳಗೆ ಮೀಸೆ. ಪಕ್ಕದಲ್ಲಿ ನೊರೆ ಕಟ್ಟಿದ ಬಕೆಟ್ಟು. ಚಂದ್ರಿ ನಿಂತಲ್ಲೇ ಸೆರಗಿನ ತುದಿಯನ್ನು ಅಗಿಯುತ್ತಿತ್ತು.

"ಮೊದ್ಲ ಬಾಗ್ಲಾ ಹಾಕು" ಎಂದರು ಕಾಕಾ.

ಚಿಗವ್ವ ಬಾಗಿಲು ಹಾಕಿ, ಇದ್ದೊಂದು ರೇಷ್ಮೆ ಸೀರೆಯನ್ನೇ ತರಬೇಕಿತ್ತೇ ಎಂದು ಕೇಳಿದಳು. ಕಾಕಾ ಬಕೆಟ್ಟಿನ ಕಡೆ ನೋಡುತ್ತಲೇ ಹೇಳಿದರು: "ಉಳದಾವೆಲ್ಲಾ ಸಾಬಾಣ ವಾಸನಿ. ಒಗೀಲಾರದ್ದು, ನಿನ್ನ ವಾಸನಿ ಉಳದಿದ್ದು ಇದೊಂದ."

ಚಿಗವ್ವ ಸೆರಗನ್ನು ಎಮ್ಮೆಯ ಬಾಯಿಂದ ಬಿಡಿಸಿದಳು. ಚಂದ್ರಿಯ ಕೆಚ್ಚಲು ಮುಟ್ಟಿ ನೋಡಿದಳು, ಮೆತ್ತಗಿತ್ತು. ಎಮ್ಮೆಯ ಮೋರೆ ಹಿಡಿದು, ನೀನೂ ಹುಲಿ ಜಾತಿಯವಳೇ ಆದೆಯಲ್ಲವ್ವಾ ಎಂದು ಬೈದಳು. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕುಳಿತು, ಮೊದಲು ಸಣ್ಣಗೆ, ಬಳಿಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ನಾನು ಹೊರಟಾಗ ನನ್ನ ಬದಿಗೆ ಬಂದು, "ಮೈಸೂರಾಗೂ ಒಂದು ಝೂ ಐತಂತ, ಹೌದೇನು?" ಎಂದು ಕೇಳಿದಳು.

ಅಗಿದ ಸೀರೆ ಉಡಲು ಬರುವಂತಿರಲಿಲ್ಲ. ಒಂದು ತುಂಡು ನನ್ನ ಕೌದಿಗೆ ಬಂತು. ಉಳಿದದ್ದು ಕಾಕಾನ ಕೆಲಸಕ್ಕೆ ಕೊಟ್ಟಿಗೆಯ ಗೂಟದಲ್ಲಿದೆ.

ನಿನ್ನೆ ಕೌದಿ ಮಡಚುವ ಹೊತ್ತಿಗೆ ಚಿಗವ್ವನದೇ ಫೋನು. ಹಿಂದೆ ಬಸ್ಸಿನ ಗದ್ದಲ, ಮೂರ್ನಾಲ್ಕು ಹೆಂಗಸರ ನಗೆ. ಎಮ್ಮೆಯ ಗತಿಯೇನು ಎಂದೆ. "ನಿಮ್ಮ ಕಾಕಾ ಅದಾರಲ್ಲ" ಎಂದಳು. ಯಾವ ಊರಿಗೆ ಹೊರಟಿದ್ದೀ ಎಂದೆ.

"ಹುಬ್ಬಳ್ಳಿಗೆ ಅಂತ ಹೊಂಟೀವಪಾ. ಬೋರ್ಡ್ ನೋಡಿಲ್ಲ. ಸೀಟಂತೂ ಸಿಕ್ಕೈತಿ."

ಇಳಿದು ನೋಡು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕಿಟಕಿಯ ಬದಿಯದೇನು ಎಂದಷ್ಟೇ ಕೇಳಿದೆ.