ಸುಲ್ಯೆಯ ಗೊಮ್‌ಚ್ವಿ ಮಡಿ

ಇಂಜೆಯ ಬೆಟ್ಟದ ಹಳ್ಳಿಗೆ ಸೊಸೆಯಾಗಿ ಬಂದಾಗ ಸುಲ್ಯೆಗೆ ಇಪ್ಪತ್ತು ವರ್ಷ. ಹುಟ್ಟಿ ಬೆಳೆದದ್ದು ಕಡಲ ದಂಡೆಯಲ್ಲಿ. ಯಾವ ಮೀನೆಂದು ವಾಸನೆಯಿಂದಲೇ ಹೇಳುತ್ತಿದ್ದಳು, ಸೊಪ್ಪಿನ ವಿಷಯ ಮಾತ್ರ ಏನೂ ತಿಳಿಯದು.

ಎರಡನೆಯ ವಸಂತದಲ್ಲಿ ಹೆಂಗಸರ ಜೊತೆ ಬೆಟ್ಟಕ್ಕೆ ಗೊಮ್‌ಚ್ವಿ ಎಂಬ ಕಾಡುಸೊಪ್ಪು ಕೊಯ್ಯಲು ಹೋದವಳು ತೊರೆಯ ಅಂಚಿನಲ್ಲಿ ಸೊಂಪಾಗಿ ಬೆಳೆದ ದುಂಡೆಲೆಗಳನ್ನು ಕಂಡಳು. ಖುಷಿಯಿಂದ ಬುಟ್ಟಿ ತುಂಬಿಸಿಕೊಂಡು ಒಬ್ಬಳೇ ಮನೆಗೆ ಬಂದಳು. ಅದು ಗೊಮ್‌ಚ್ವಿಯನ್ನೇ ಹೋಲುವ ವಿಷದ ಗಿಡ. ಮಧ್ಯಾಹ್ನ ಎಲೆಯಲ್ಲಿ ಅನ್ನ ಸುತ್ತಿ ತಿಂದ ಮಾವ ಸಂಜೆಯೊಳಗೆ ವಾಂತಿ ಮಾಡಿಕೊಂಡು ಹಾಸಿಗೆ ಹಿಡಿದರು. ಎದ್ದು ಕೂರಲು ಮೂರು ದಿನ ಬೇಕಾಯಿತು.

"ನನ್ನ ಗಂಡನ್ನೇ ಮುಗ್ಸೋಕೆ ಹೊರಟಿದ್ಯಲ್ಲೇ! ಇನ್ಮೇಲೆ ಬೆಟ್ಟದ ಕಡೆ ತಲೆ ಹಾಕಿದ್ರೆ ನೋಡು" ಎಂದು ಅತ್ತೆ ಕೂಗಾಡಿದರು.

"ಬಿಡೇ, ರುಚಿಯಾಗೇ ಇತ್ತು" ಎಂದರು ಮಾವ, ಗಂಜಿಯ ಬಟ್ಟಲು ಹಿಡಿದು.

ಆದರೂ ಬೇಸಿಗೆ ಮುಗಿಯುವ ಹೊತ್ತಿಗೆ ಸುಲ್ಯೆ ಬೆಟ್ಟ ಹತ್ತಿದಳು. ಸೊಪ್ಪು ಬಲಿತು ಒರಟಾಗುವ ಆ ಕಾಲದಲ್ಲಿ ಬೇರೆ ಯಾರೂ ಅತ್ತ ಹೋಗುತ್ತಿರಲಿಲ್ಲ. ಎರಡು ಗಿಡಕ್ಕೂ ಹಳದಿ ಹೂವೇ. ವಿಷದ್ದು ವಸಂತದಲ್ಲೇ ನೆಲದ ಹತ್ತಿರ ಬಟ್ಟಲಿನಂತೆ ಅರಳಿ ಮುಗಿದಿತ್ತು. ಗೊಮ್‌ಚ್ವಿ ಈಗಷ್ಟೇ ಎದೆಯೆತ್ತರದ ಕಡ್ಡಿ ಎಬ್ಬಿಸಿ ಮೈತುಂಬ ಹೂ ಬಿಟ್ಟಿತ್ತು. ಹಾಗೆ ಕಡ್ಡಿ ಎದ್ದ ಬುಡಗಳನ್ನಷ್ಟೇ ಬೇರುಸಹಿತ ಅಗೆದು ತಂದು ಮನೆಯ ಹಿಂದೆ, ಅಕ್ರೋಟ್ ಮರದ ನೆರಳಿನಲ್ಲಿ ಮಡಿ ಮಾಡಿ ನೆಟ್ಟಳು.

ಮುಂದಿನ ವಸಂತದಲ್ಲಿ ಅವು ಚಿಗುರಿದಾಗ ತೊರೆಯ ಅಂಚಿನ ವಿಷದ ಎಲೆಯೊಂದನ್ನು ಕಿತ್ತು ತಂದು ಪಕ್ಕದಲ್ಲಿಟ್ಟು ನೋಡಿದಳು. ಗೊಮ್‌ಚ್ವಿಯ ಅಂಚು ಗರಗಸದಂತೆ ಚೂಪು, ಹೊಸಕಿದರೆ ಘಮ್ಮೆನ್ನುತ್ತದೆ. ವಿಷದ್ದು ದಪ್ಪ, ಎಣ್ಣೆ ಸವರಿದಂತೆ ಹೊಳಪು, ಆ ಘಮವಿಲ್ಲ.

ಮಡಿಯ ಸೊಪ್ಪನ್ನು ಮೊದಲು ತಿಂದವರು ಮಾವ. ಅತ್ತೆ ಎರಡು ವಸಂತ ಮುಟ್ಟಲಿಲ್ಲ. ಮೂರನೆಯ ವರ್ಷ ಪಕ್ಕದ ಮನೆಯ ಹೊಸ ಸೊಸೆ ಬುಟ್ಟಿ ಹೊತ್ತು ಬೆಟ್ಟದಿಂದ ಇಳಿಯುವುದನ್ನು ಕಂಡು ಅಂಗಳದಿಂದಲೇ ಕರೆದರು: "ಏ ಹುಡುಗಿ, ನಿಲ್ಲು! ಒಲೆಗೆ ಹಾಕೋ ಮುಂಚೆ ನಮ್ ಸೊಸೆಗೆ ತೋರ್ಸು. ಅವಳಿಗೆ ಗೊತ್ತಾಗುತ್ತೆ."

ಒಳಗಿದ್ದ ಸುಲ್ಯೆ ಕೈ ಒರೆಸಿಕೊಂಡು ಬಂದು ಚಾಪೆ ಹಾಸಿ, ಎಲೆಗಳನ್ನು ಒಂದೊಂದಾಗಿ ಮೂಸಿ ನೋಡಿದಳು. ಬುಟ್ಟಿಯಲ್ಲಿ ಏಳು ವಿಷದ ಎಲೆ ಸಿಕ್ಕವು.

ಈಗ ಅವಳಿಗೆ ಎಪ್ಪತ್ತು ದಾಟಿದೆ. ಮಡಿ ಇಳಿಜಾರಿನುದ್ದಕ್ಕೂ ಹಬ್ಬಿದೆ. ಪ್ರತಿ ವಸಂತದಲ್ಲೂ ಹೆಂಗಸರು ಅವಳ ಅಂಗಳದಲ್ಲಿ ಬುಟ್ಟಿ ಸುರಿದು ತೋರಿಸಿಯೇ ಮನೆಗೆ ಹೋಗುತ್ತಾರೆ. ನೆಗಡಿಯಾದ ದಿನ ಮಾತ್ರ ಸುಲ್ಯೆ ಯಾರ ಸೊಪ್ಪನ್ನೂ ನೋಡುವುದಿಲ್ಲ. "ನಾಳೆ ಬನ್ರೇ" ಎನ್ನುತ್ತಾಳೆ.