ಕಾಶ್ಯಪ ಗೋತ್ರದ ಹನ್ನೊಂದು ಮಂದಿ

ಮದರಾಸಿನಲ್ಲಿ ಮೂರು ತಲೆಮಾರಿನಿಂದ ನೆಲೆ ನಿಂತ ಆ ಮಾಧ್ವರ ಮನೆತನದಲ್ಲಿ ಮಿಲಿಟರಿ ಸೇರಿದವರು ಹರಿದಾಸರೊಬ್ಬರೇ. ಎಪ್ಪತ್ತೊಂದರ ಯುದ್ಧದಲ್ಲಿ ಡಾಕ್ಟರಾಗಿದ್ದರು. ಶೆಲ್ ಬೀಳುತ್ತಿದ್ದರೂ ಡೇರೆ ಬಿಟ್ಟು ಕದಲದೆ ಹಗಲಿಡೀ ಆಪರೇಷನ್ ಮಾಡಿ ಇಪ್ಪತ್ತಾರು ಸೈನಿಕರನ್ನು ಉಳಿಸಿದ್ದಕ್ಕೆ ಸರಕಾರ ಪದಕ ಕೊಟ್ಟಿತು. ಹೆಂಡತಿ ವೆಂಕಟಲಕ್ಷ್ಮಿ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುವಳು. ಇವರು ಎದ್ದು ಒಳಗೆ ಹೋಗಿಬಿಡುವರು. “ಹೊಗಳಿದರೆ ನಮ್ಮ ಕರ್ನಲ್ಲಿಗೆ ಅಜೀರ್ಣ” ಎಂದು ಆಕೆ ನಗುತ್ತಿದ್ದಳು.

ವರ್ಷಕ್ಕೊಂದು ದಿನ ಮಾತ್ರ ಆಕೆಗೆ ನಗು ಬರುತ್ತಿರಲಿಲ್ಲ. ಮಹಾಲಯ ಪಕ್ಷದಲ್ಲಿ ಅಪ್ಪ, ತಾತ, ಮುತ್ತಾತರಿಗೆಲ್ಲ ಎಳ್ಳುನೀರು ಬಿಟ್ಟಾದ ಮೇಲೆ ಹರಿದಾಸರು ಇನ್ನೂ ಹನ್ನೊಂದು ಹೆಸರು ಹೇಳುವರು. ಅದರಲ್ಲಿ ಇಬ್ಬರು ಸಿಖ್ಖರು, ಒಬ್ಬ ಮುಸಲ್ಮಾನ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವೆಂದು ಶಾಸ್ತ್ರವಿದೆಯಲ್ಲ, ಪುರೋಹಿತರು ಮುಖ ಗಂಟಿಕ್ಕಿಕೊಂಡೇ ಮಂತ್ರ ಹೇಳಿಕೊಡುವರು.

ಮದುವೆಯಾದ ಹೊಸತರಲ್ಲಿ ಆಕೆ ಕೇಳಿದ್ದಳು. ಅವರು ಒಂದೇ ಒಂದು ಸಲ ಹೇಳಿದ್ದರು. ಗಾಯಾಳುಗಳು ಸಾಲುಗಟ್ಟಿ ಬಂದಾಗ ಡಾಕ್ಟರು ಮೊದಲು ಆರಿಸಬೇಕು: ಯಾರನ್ನು ಮೇಜಿಗೆ ಎತ್ತುವುದು, ಯಾರನ್ನು ಬಿಡುವುದು. ಬದುಕುವುದಿಲ್ಲವೆಂದು ಕಂಡ ಹನ್ನೊಂದು ಮಂದಿಗೆ ತಾವೇ ಹೆಸರಿನ ಚೀಟಿ ಕಟ್ಟಿ, ನೋವಿಗೆ ಇಂಜೆಕ್ಷನ್ ಕೊಟ್ಟು ಪಕ್ಕಕ್ಕೆ ಮಲಗಿಸಿದ್ದರು. ಸಂಜೆ ಪಲ್ಟಣದ ಜೊತೆ ಮುಂದೆ ಹೊರಟವರು ಮತ್ತೆ ಅವರ ಸುದ್ದಿಯನ್ನು ಯಾರಲ್ಲೂ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

“ಬ್ರಹ್ಮನೇ ಬಂದಿದ್ದರೂ ಅವರು ಬದುಕ್ತಿರಲಿಲ್ಲ, ವೆಂಕು” ಅಂದಿದ್ದರು. ಆ ಒಂದು ಮಾತನ್ನು ನಂಬಿಕೊಂಡು ಮನುಷ್ಯ ಮೂವತ್ತು ವರ್ಷ ನಿದ್ದೆ ಮಾಡಿದರು.

ಎರಡು ಸಾವಿರದ ಒಂದರ ಡಿಸೆಂಬರಿನಲ್ಲಿ ಮಾಜಿ ಸೈನಿಕರು ಅವರಿಗೆ ಶಾಲು ಹೊದಿಸಿದರು, ಪೇಪರಿನಲ್ಲಿ ಫೋಟೋ ಬಂತು. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಯಾರೋ ವಯಸ್ಸಾದವರು ನಿಂತಿದ್ದರು. ಹರಿದಾಸರು ಕಾಫಿ ಲೋಟ ಹಿಡಿದೇ ಹೊರಗೆ ಬಂದರು.

“ಪೆರುಂಗುಡೀಲಿ ಮಗಳ ಮನೆಗೆ ಬಂದಿದ್ದೆ ಸಾ, ಪೇಪರ್‌ನಲ್ಲಿ ನೋಡ್ದೆ. ನಾನು ಮಂಡ್ಯ ಕಡೆಯ ತಮ್ಮಯ್ಯ. ನೀವು ನಂಗೆ ಚೀಟಿ ಕಟ್ಟಿದ್ರಲ್ಲ?”

ಹಿಂದೆಯೇ ಬಂದಿದ್ದ ವೆಂಕಟಲಕ್ಷ್ಮಿಗೆ ಆ ಹೆಸರು ಗುರುತಾಯಿತು. ಹನ್ನೊಂದರಲ್ಲಿ ಏಳನೆಯ ಹೆಸರು! ಬದುಕಿರುವವನಿಗೆ ಮೂವತ್ತು ಸಲ ಎಳ್ಳುನೀರು ಬಿಟ್ಟಿದ್ದಾರೆ, ತಾನು ಮಡಿಯಲ್ಲಿ ಅಡುಗೆ ಮಾಡಿ ಬಡಿಸಿದ್ದಾಳೆ. “ಅಯ್ಯೋ ರಾಯರೇ, ತಪ್ಪಾಯ್ತು” ಎಂದು ಕೆನ್ನೆ ಬಡಿದುಕೊಂಡಳು.

ತಮ್ಮಯ್ಯ ಅಂಗಿ ಎತ್ತಿ ತೋರಿಸಿದ. ಎದೆಯ ಕೆಳಗಿನಿಂದ ಸೊಂಟದವರೆಗೆ ಹೊಲಿಗೆಯ ಗುರುತು. “ನೀವು ಹೋದ್ಮೇಲೆ ಲಾರಿ ಬಂತು. ಹಿಂದ್ಗಡೆ ಆಸ್ಪತ್ರೇಲಿ ಕುಯ್ದು ಹೊಲಿದ್ರು. ನಿಮ್ಮ ಮೇಲೆ ಕ್ವಾಪ ಇಲ್ಲ ಸಾ. ಮೊಮ್ಮಗ ಹುಟ್ಟವ್ನೆ. ಅದ್ನ ಹೇಳೋಣ ಅಂತ ಬಂದೆ.”

ಹರಿದಾಸರು ಆ ಗುರುತನ್ನೇ ನೋಡಿದರು, ಬೆರಳಿಟ್ಟು ಅಳೆದರು. ವೆಂಕಟಲಕ್ಷ್ಮಿಯೇ ಕೂರಿಸಿ ಊಟ ಹಾಕಿ ಕಳಿಸಿದಳು. ಗೇಟು ಮುಚ್ಚಿ ಬರುವಾಗ ಆಕೆಗೆ ಭಯ ಹೋಗಿ ಸಂತೋಷ ಉಕ್ಕಿತ್ತು.

“ಪಾಪ, ಎಂಥಾ ಒಳ್ಳೇ ಮನುಷ್ಯ! ನೋಡಿ, ಒಬ್ಬನಾದರೂ ಬದುಕಿ ಬಂದನಲ್ಲ. ಇನ್ನಾದರೂ ಮನಸ್ಸು ಹಗುರ ಮಾಡ್ಕೊಳ್ಳಿ.”

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

“ಹನ್ನೊಂದು ಜನರಲ್ಲಿ ಅವನ ಗಾಯವೇ ಎಲ್ಲಕ್ಕಿಂತ ಕೆಟ್ಟದಾಗಿತ್ತು, ವೆಂಕು” ಅಂದರು. “ಅವನೇ ಬದುಕಿದ ಅಂದಮೇಲೆ, ಆ ಹತ್ತು ಜನ?”